ಕಣ್ಣಿನ ಮೂಲೆಯ ಕೆಂಪು ಗುಳ್ಳೆ

ನನ್ನ ಅಪ್ಪ ಓದಿದ್ದು ಏಳನೇ ಕ್ಲಾಸು. ಅರಕಲಗೂಡು ತಾಲ್ಲೂಕಿನ ಹೋಬಳಿಯೊಂದರ ದನದ ಆಸ್ಪತ್ರೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಡಿ ದರ್ಜೆಯ ನೌಕರನಾಗಿದ್ದ. ಬಾಗಿಲು ತೆಗೆಯುವುದು, ಕಸ ಗುಡಿಸುವುದು, ಸೂಜಿ ಕುದಿಸಿಡುವುದು, ಹಾಯಲು ಬರುವ ಎತ್ತಿನ ಮೂಗುದಾರ ಹಿಡಿದು ನಿಲ್ಲುವುದು, ಸರ್ಕಾರ ಅವನಿಗೆ ಸಂಬಳ ಕೊಡುತ್ತಿದ್ದದ್ದು ಇಷ್ಟಕ್ಕೆ. ಆದರೆ ಡಾಕ್ಟರಿಗೆ ಮೂರು ಊರಿನ ಹೊಣೆ ಇರುತ್ತಿತ್ತು. ಡಾಕ್ಟರು ಬರುವ ದಿನ ನೋಡಿಕೊಂಡು ದನಗಳಿಗೆ ಕಾಯಿಲೆ ಬರುವುದಿಲ್ಲ. ಹೀಗಾಗಿ ಅಪ್ಪ ನೋಡಿ ನೋಡಿ ಕಲಿತ, ಕಲಿತದ್ದನ್ನು ಮಾಡಿದ. ಮಾಡಿದ್ದು ಬಹುಪಾಲು ಸರಿಯಾಗಿಯೇ ಆಯಿತು.

ಅವನ ಕೈ ಹೆಸರಾದದ್ದು ಹಸುಗಳ ಕಣ್ಣಿನ ಕೆಲಸದಲ್ಲಿ. ಸೀಮೆಹಸುಗಳಿಗೆ, ಅದರಲ್ಲೂ ಮುಖ ಬೆಳ್ಳಗಿರುವವಕ್ಕೆ, ಕಣ್ಣಿನ ಒಳಮೂಲೆಯಲ್ಲಿ ಕೆಂಪಗೆ ಒಂದು ಮಾಂಸ ಬೆಳೆಯುತ್ತದೆ. ನಮ್ಮ ಮನೆಯಲ್ಲಿ ಅದಕ್ಕೆ ದುರ್ಮಾಂಸ ಎನ್ನುತ್ತಿದ್ದೆವು. ಹಾಗೇ ಬಿಟ್ಟರೆ ಮೊದಲು ಕಣ್ಣು ಹೋಗುತ್ತದೆ, ಆಮೇಲೆ ಹಸು ಹೋಗುತ್ತದೆ. ಅಪ್ಪ ಹಗ್ಗ ಹಾಕಿಸಿ ಹಸುವನ್ನು ಕೆಡವಿ, ಕಣ್ಣಿಗೆ ಮರಗಟ್ಟಿಸುವ ಹನಿ ಬಿಟ್ಟು, ಚಿಮಟದಲ್ಲಿ ಆ ಮಾಂಸವನ್ನು ಎಳೆದು ಹಿಡಿದು ಬುಡಕ್ಕೆ ಕತ್ತರಿಯಿಟ್ಟರೆ ಒಂದೇ ಸಲಕ್ಕೆ ಮುಗಿಯುತ್ತಿತ್ತು. ಹಸು ಎದ್ದು ನಿಂತು ಮೈ ಕೊಡವಿಕೊಳ್ಳುವುದರೊಳಗೆ ಅವನು ಕೈ ತೊಳೆದಾಗಿರುತ್ತಿತ್ತು.

ನಮ್ಮದು ಊರಾಚೆಯ ಕೇರಿ. ಅಪ್ಪನನ್ನು ಜಗಲಿ ಹತ್ತಿಸದ ಮನೆಗಳವರು ಕೊಟ್ಟಿಗೆಯೊಳಕ್ಕೆ ಕರೆದುಕೊಂಡು ಹೋದರು. ಮಲ್ಲಿಪಟ್ಟಣದ ಕಡೆ ಹೊಗೆಸೊಪ್ಪು ಬೆಳೆಯುವ ಒಬ್ಬ ಜಮೀನುದಾರರಿದ್ದರು. ಅಪ್ಪನಿಗಿಂತ ಹತ್ತು ವರ್ಷ ಚಿಕ್ಕವರು. ಆದರೂ ಅಪ್ಪನನ್ನು ‘ಬಾರ್ಲಾ ಇಲ್ಲಿ’ ಎಂದೇ ಕರೆಯುತ್ತಿದ್ದರು. ಅವರ ಮನೆಯ ಹಸುವಿನ ಕಣ್ಣು ಉಳಿದ ಮೇಲೆ ಒಂದು ದಿನ ಬಸ್‌ಸ್ಟ್ಯಾಂಡಿನಲ್ಲಿ, ನಾಲ್ಕು ಜನರ ಮುಂದೆ, ‘ಬನ್ನಿ ಡಾಕ್ಟ್ರೇ, ಕಾಪಿ ಕುಡ್ಯಾನ’ ಎಂದರು. ನಾನಾಗ ಎಂಟನೇ ಕ್ಲಾಸು, ಅಪ್ಪನ ಪಕ್ಕದಲ್ಲೇ ನಿಂತಿದ್ದೆ. ಅಪ್ಪ ಏನೂ ಆಗಿಲ್ಲವೆಂಬಂತೆ ಅವರ ಹಿಂದೆ ನಡೆದ. ಮನೆಗೆ ಬಂದು ಮಾತ್ರ ಅವ್ವನಿಗೆ ಆ ಮಾತನ್ನು ಎರಡು ಸಲ ಹೇಳಿದ. ಜಾತಿ, ಜಮೀನು, ಓದು ಯಾವುದೂ ಅವನ ಕಡೆಗಿರಲಿಲ್ಲ. ಸಿಕ್ಕ ಮರ್ಯಾದೆಯೆಲ್ಲ ಆ ಎರಡು ಕೈಗಳಿಂದ ಸಿಕ್ಕದ್ದು. ನಾನು ಮುಂದೆ ಹೇಳುವುದೆಲ್ಲ ಆ ಕೈಗಳ ವಿಷಯವೇ.

ನಾನು ಹೊಳೆನರಸೀಪುರದ ಹೈಸ್ಕೂಲೊಂದರಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ನನ್ನ ಮದುವೆಯ ಕತೆ ಬೇರೆಯೇ ಇದೆ, ಅದು ಇಲ್ಲಿ ಬೇಡ. ಅವ್ವ ತೀರಿಕೊಂಡ ಮೇಲೆ ಅಪ್ಪ ನನ್ನ ಜೊತೆಗೇ ಇದ್ದಾನೆ. ಬರುವಾಗ ಅವನು ತಂದದ್ದು ಎರಡು ಜೊತೆ ಬಟ್ಟೆ, ಅವ್ವನ ಒಂದು ಫೋಟೋ, ಮತ್ತೆ ತಗಡಿನ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಅವನ ಕತ್ತರಿ, ಚಿಮಟ, ಸೂಜಿ, ದಾರ. ಪೇಟೆಯಲ್ಲಿ ಅವನ್ನು ಕೇಳುವವರಾರೂ ಇರಲಿಲ್ಲ. ಮೊದಮೊದಲು ಅಪ್ಪ ಹೊಳೆಯ ಕಡೆಗೆ ನಡೆದುಹೋಗಿ ಯಾರದಾದರೂ ಹಸು ಮೇಯುತ್ತಿದ್ದರೆ ನಿಂತು ಅದರ ಕಣ್ಣು ನೋಡಿ ಬರುತ್ತಿದ್ದ. ಆಮೇಲೆ ಅದನ್ನೂ ಬಿಟ್ಟ. ಟಿವಿ ಮುಂದೆ ಕೂತು, ಏನು ನೋಡಿದೆ ಎಂದು ಕೇಳಿದರೆ ಹೇಳಲಾಗದಷ್ಟು ಹೊತ್ತು ಕೂತಿರುತ್ತಿದ್ದ.

ಹೀಗಿರುವಾಗ ನಮ್ಮ ಸ್ಕೂಲಿನ ಹಿಂದಿ ಟೀಚರು ಒಂದು ನಾಯಿಮರಿ ಕೊಟ್ಟರು. ಅವರು ಚನ್ನರಾಯಪಟ್ಟಣದಿಂದ ದಿನವೂ ಬಸ್ಸಿನಲ್ಲಿ ಬಂದು ಹೋಗುವವರು. ಅವರ ನೆಂಟರ ಮನೆಯ ಬೀಗಲ್ ನಾಯಿ ಬೀದಿಯ ಗಂಡಿನ ಜೊತೆ ಸೇರಿ ಮರಿ ಹಾಕಿತ್ತು. ಎರಡು ಹೆಣ್ಣು ಮರಿಗಳಲ್ಲಿ ಒಂದನ್ನು ಅವರು ಇಟ್ಟುಕೊಂಡು, ಇನ್ನೊಂದನ್ನು ರಟ್ಟಿನ ಡಬ್ಬದಲ್ಲಿ ನನ್ನ ಮೇಜಿನ ಮೇಲಿಟ್ಟರು. ಉದ್ದ ಕಿವಿ, ಕಂದು ಬೆನ್ನು, ಹೊಟ್ಟೆ ಮಾತ್ರ ಬೆಳ್ಳಗೆ. ಮನೆಗೆ ತಂದಾಗ ಅಪ್ಪ ಮುಖ ಸಿಂಡರಿಸಿದ. ನಾಯಿ ಎಂದರೆ ಅವನ ಲೆಕ್ಕದಲ್ಲಿ ಬಹುಪಾಲು ಹುಚ್ಚುನಾಯಿ ಇಂಜೆಕ್ಷನ್ನೇ. ಒಂದು ವಾರ ಅದರ ಕಡೆ ತಿರುಗಿ ನೋಡಲಿಲ್ಲ. ಎರಡನೇ ವಾರ ನಾನು ಸ್ಕೂಲಿಂದ ಬಂದರೆ ಅದು ಅವನ ಪಂಚೆಯ ಮಡಿಲಲ್ಲಿ ಮಲಗಿತ್ತು. ಅಪ್ಪ ಎಲ್ಲ ಹಸುಗಳನ್ನೂ ಕೂಸು ಎಂದು ಕರೆಯುತ್ತಿದ್ದವನು. ಇದನ್ನೂ ಕೂಸು ಎಂದ.

ಕೂಸಿಗೆ ಆರೇಳು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಅದರ ಎಡಗಣ್ಣಿನ ಒಳಮೂಲೆಯಲ್ಲಿ ಕೆಂಪಗೆ ಬಟಾಣಿ ಕಾಳಿನಷ್ಟು ಗುಳ್ಳೆ ಎದ್ದಿತ್ತು. ಹಿಂದಿನ ದಿನ ಇರಲಿಲ್ಲ. ಹಾಸನಕ್ಕೆ ಕರೆದುಕೊಂಡು ಹೋಗೋಣ, ಅಲ್ಲಿ ನಾಯಿಗಳನ್ನು ನೋಡುವ ಡಾಕ್ಟರಿದ್ದಾರೆ ಎಂದೆ. ಅಪ್ಪ ಕನ್ನಡಕ ಹಾಕಿಕೊಂಡು ಅದರ ರೆಪ್ಪೆ ಬಿಡಿಸಿ ನೋಡಿದ. ಎರಡು ಸಲ ನೋಡಿದ. ಅವನ ಮುಖದಲ್ಲಿ ಬಹಳ ದಿನದಿಂದ ಕಾಣದ ಒಂದು ಗಾಂಭೀರ್ಯ ಬಂತು.

‘ದುರ್ಮಾಂಸ ಕಣವ್ವ,’ ಎಂದ. ‘ಬುಟ್ರೆ ಕಣ್ಣನ್ನೇ ತಿಂದಾಕ್ಬುಡ್ತದೆ. ಇಷ್ಟಕ್ಕೆ ಆಸ್ನಕ್ಕೆ ಯಾಕೋಗ್ಬೇಕು, ನಾನಿಲ್ವಾ.’

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಸ್ಕೂಲಿನಲ್ಲಿ ಎಲ್ಲರಿಗೂ ಗೊತ್ತು. ಬೇಡ ಎಂದರೆ ಬೇಡ ಎನ್ನುವವಳು ನಾನು. ಅವತ್ತು ಬೇಡ ಎನ್ನಲಿಲ್ಲ. ಅಪ್ಪನಿಗೆ ಬೇಜಾರಾದೀತು ಎಂದು ಸುಮ್ಮನಾದೆ ಎಂದರೆ ಅದು ಅರ್ಧ ನಿಜ. ನನಗೂ ಅವನ ಕೈ ಮೇಲೆ ನಂಬಿಕೆಯಿತ್ತು, ನಂಬಿಕೆಗಿಂತ ಹೆಚ್ಚಾಗಿ ಹೆಮ್ಮೆಯಿತ್ತು. ಭಾನುವಾರ ಅಪ್ಪ ಪೆಟ್ಟಿಗೆ ತೆಗೆದ. ಕತ್ತರಿಯನ್ನೂ ಚಿಮಟವನ್ನೂ ಹಾಲಿನ ಪಾತ್ರೆಯಲ್ಲಿ ಕುದಿಸಿದ, ಮೆಡಿಕಲ್ ಶಾಪಿನಿಂದ ಹನಿ ತರಿಸಿದ. ಕೂಸನ್ನು ಟವೆಲಿನಲ್ಲಿ ಸುತ್ತಿ ತಲೆ ಅಲುಗಾಡದಂತೆ ಹಿಡಿದವಳು ನಾನೇ. ಕತ್ತರಿಯ ಸದ್ದು ಒಂದೇ ಸಲ ಕೇಳಿಸಿತು. ಸ್ವಲ್ಪ ರಕ್ತ ಬಂತು, ಅಪ್ಪ ಹತ್ತಿ ಒತ್ತಿ ಹಿಡಿದ. ಕತ್ತರಿಸಿದ್ದನ್ನು ಒಂದು ತಟ್ಟೆಯಲ್ಲಿಟ್ಟು, ‘ನೋಡು, ಬೇರು ಸಮೇತ ಬಂದದೆ,’ ಎಂದು ತೋರಿಸಿದ. ವಾರದೊಳಗೆ ಕಣ್ಣು ಏನೂ ಆಗಿಲ್ಲದ ಹಾಗಿತ್ತು.

ನಾನು ಸ್ಟಾಫ್ ರೂಮಿನಲ್ಲಿ ಈ ಕತೆಯನ್ನು ಕೇಳಿದವರಿಗೂ ಹೇಳಿದೆ, ಕೇಳದವರಿಗೂ ಹೇಳಿದೆ. ಹಿಂದಿ ಟೀಚರಂತೂ ಬಾಯಿ ಬಿಟ್ಟುಕೊಂಡು ಕೇಳಿದರು. ಅದೇ ತಿಂಗಳು ನಾನು ಹತ್ತನೇ ತರಗತಿಗೆ ಗ್ರಂಥಿಗಳ ಪಾಠ ಮಾಡಿದ್ದೆ. ಕಣ್ಣೀರು ಎಲ್ಲಿಂದ ಬರುತ್ತದೆ ಎಂದು ಒಬ್ಬ ಹುಡುಗಿ ಕೇಳಿದಾಗ, ಹುಬ್ಬಿನ ಕೆಳಗೆ ಬೆರಳಿಟ್ಟು, ಇಲ್ಲೊಂದು ಗ್ರಂಥಿ ಇದೆ ಎಂದು ತೋರಿಸಿದ್ದೆ. ಮನುಷ್ಯರಿಗೆ ಅಲ್ಲಿದೆ. ನಾಯಿಗೆ ಎಲ್ಲೆಲ್ಲಿದೆ ಎಂದು ಯೋಚಿಸುವ ಬುದ್ಧಿ ನನಗೆ ಬರಲಿಲ್ಲ. ಇಪ್ಪತ್ತು ವರ್ಷ ವಿಜ್ಞಾನ ಹೇಳಿಕೊಟ್ಟವಳಿಗೆ.

ಐದು ತಿಂಗಳು ಕಳೆದಿರಬೇಕು. ಕೂಸಿನ ಎಡಗಣ್ಣಿನಲ್ಲಿ ಬೆಳಿಗ್ಗೆ ಎದ್ದಾಗ ಪಿಚ್ಚು ಕಟ್ಟಿಕೊಳ್ಳತೊಡಗಿತು. ಮೊದಲು ಸ್ವಲ್ಪ, ಆಮೇಲೆ ಹಳದಿಯಾಗಿ ಗೋಂದಿನಂತೆ ಎಳೆಎಳೆಯಾಗಿ. ಉಷ್ಣ ಎಂದ ಅಪ್ಪ. ನಂದಿಬಟ್ಟಲು ಹೂವನ್ನು ನೀರಿನಲ್ಲಿ ನೆನೆಹಾಕಿ ಆ ನೀರಿನಲ್ಲಿ ಒರೆಸಿದ. ಒರೆಸಿದಾಗ ಚೆನ್ನಾಗಿರುತ್ತಿತ್ತು, ಮಧ್ಯಾಹ್ನಕ್ಕೆ ಮತ್ತೆ ಅದೇ. ಕಣ್ಣು ಹೊಳಪು ಕಳೆದುಕೊಂಡು, ಉಸಿರು ಬಿಟ್ಟ ಕನ್ನಡಿಯಂತೆ ಮಂಕಾಯಿತು. ಕೂಸು ಬಾಗಿಲ ಎಡಗಡೆಯ ಚೌಕಟ್ಟಿಗೆ ಭುಜ ತಾಗಿಸಿಕೊಂಡು ಹೋಗುವುದನ್ನು ಒಂದು ದಿನ ನೋಡಿದೆ. ಮಾರನೆಯ ದಿನ ರಜೆ ಹಾಕಿ, ಪರಿಚಯದ ಆಟೋ ಕರೆದು, ಹಾಸನಕ್ಕೆ ಹೊರಟೆ. ಅಪ್ಪನನ್ನೂ ಕರೆದೆ. ತಾನಿರುವಾಗ ಮಗಳು ಇನ್ನೊಬ್ಬರ ಹತ್ತಿರ ಹೋಗುತ್ತಾಳೆ ಎಂದು ಅವನಿಗೆ ಮುನಿಸು. ಮಂಡಿ ನೋವು, ನೀನೇ ಹೋಗಿ ಬಾ ಎಂದ.

ಹಾಸನದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ನನ್ನ ಹಳೆಯ ವಿದ್ಯಾರ್ಥಿನಿಯರಷ್ಟೇ ಇರಬೇಕು. ಕೂಸಿನ ಎರಡೂ ಕಣ್ಣಿನ ಕೆಳರೆಪ್ಪೆಯೊಳಗೆ ಒಂದೊಂದು ಸಣ್ಣ ಕಾಗದದ ಪಟ್ಟಿಯ ತುದಿ ಸಿಕ್ಕಿಸಿ ಗಡಿಯಾರ ನೋಡುತ್ತ ನಿಂತರು. ಒಂದು ನಿಮಿಷವಾದ ಮೇಲೆ ಎರಡನ್ನೂ ತೆಗೆದು ಬಿಳಿ ಬಟ್ಟೆಯ ಮೇಲಿಟ್ಟರು. ಬಲಗಣ್ಣಿನ ಪಟ್ಟಿ ಅರ್ಧಕ್ಕಿಂತ ಹೆಚ್ಚು ಒದ್ದೆಯಾಗಿತ್ತು. ಎಡಗಣ್ಣಿನದು ಇಟ್ಟಾಗ ಹೇಗಿತ್ತೋ ಹಾಗೇ ಒಣಗಿತ್ತು.

ಅವರು ರೆಪ್ಪೆ ಬಿಡಿಸಿ ಟಾರ್ಚ್ ಹಾಕಿ ನೋಡಿದರು. ನಾಯಿಗಳಿಗೆ ಕಣ್ಣಿನ ಒಳಮೂಲೆಯಲ್ಲಿ ಮೂರನೆಯದೊಂದು ರೆಪ್ಪೆ ಇರುತ್ತದೆ, ಅದರ ಬುಡದಲ್ಲಿ ಒಂದು ಗ್ರಂಥಿ ಇರುತ್ತದೆ, ಕಣ್ಣೀರಿನ ದೊಡ್ಡ ಪಾಲು ಅಲ್ಲಿಂದಲೇ ಬರುವುದು ಎಂದು ಹೇಳಿದರು. ಕೆಲವು ಜಾತಿಯ ಮರಿಗಳಲ್ಲಿ ಅದರ ಹಿಡಿತ ಸಡಿಲವಾಗಿ ಗ್ರಂಥಿ ಹೊರಗೆ ಜಾರಿ ಕೆಂಪಗೆ ಕಾಣುತ್ತದಂತೆ. ಅದು ಗಂಟೂ ಅಲ್ಲ, ಕೆಟ್ಟ ಮಾಂಸವೂ ಅಲ್ಲ. ಅದನ್ನು ಒಳಕ್ಕೆ ಸೇರಿಸಿ ಹೊಲಿಯಬೇಕು. ಕತ್ತರಿಸಿದರೆ ಕಣ್ಣು ಒಣಗುತ್ತದೆ, ಎಷ್ಟೋ ತಿಂಗಳಾದ ಮೇಲೆ ಗೊತ್ತಾಗುತ್ತದೆ. ನನಗೆ ತಟ್ಟೆಯಲ್ಲಿದ್ದ ಆ ಚೂರು ಕಣ್ಣ ಮುಂದೆ ಬಂತು. ಬೇರು ಸಮೇತ ಬಂದಿತ್ತು.

‘ಇದನ್ನ ಯಾರು ಕಟ್ ಮಾಡಿದ್ದು ಮೇಡಂ?’ ಎಂದು ಕೇಳಿದರು.

‘ನಮ್ಮೂರಲ್ಲಿ ಒಬ್ಬರಿದ್ದಾರೆ,’ ಎಂದೆ.

ಅವರು ತಲೆಯೆತ್ತದೆ ಬರೆಯುತ್ತಲೇ, ಗೊತ್ತಿಲ್ಲದವರ ಹತ್ತಿರ ಯಾಕೆ ಹೋಗುತ್ತೀರಿ, ಓದಿದವರಾಗಿ, ಎಂದರು. ನಾನು ಹೌದು ಎಂಬಂತೆ ತಲೆಯಾಡಿಸಿದೆ. ನನ್ನ ಬಾಯಿಗೆ ಯಾರೂ ಬೀಗ ಹಾಕಿರಲಿಲ್ಲ. ಆ ಕ್ಷಣ ನನಗೆ ಅಪ್ಪನ ಮೇಲೆ ಸಿಟ್ಟೂ ಇತ್ತು, ನಾಚಿಕೆಯೂ ಇತ್ತು. ನಾಚಿಕೆಯೇ ಹೆಚ್ಚು ಎಂದು ಈಗ ಬರೆಯುವಾಗ ಒಪ್ಪಿಕೊಳ್ಳುತ್ತೇನೆ.

ಡಾಕ್ಟರು ಒಂದು ಮುಲಾಮು ಕೊಟ್ಟರು, ಬೆಳಿಗ್ಗೆ ಸಂಜೆ ಹಚ್ಚಲಿಕ್ಕೆ. ಇನ್ನೊಂದು ಕಣ್ಣೀರಿನ ಬದಲು ಬಿಡುವ ಹನಿ, ದಿನಕ್ಕೆ ಐದಾರು ಸಲ. ಎಷ್ಟು ದಿನ ಎಂದು ಕೇಳಿದೆ. ಅದು ಇರುವ ತನಕ ಎಂದರು. ಉಳಿದಿರುವ ಇನ್ನೊಂದು ಗ್ರಂಥಿ ಸ್ವಲ್ಪ ಚುರುಕಾದರೆ ಇರುವಷ್ಟು ನೋಟ ಉಳಿಯಬಹುದು, ಬಿಟ್ಟರೆ ಕಣ್ಣು ಹೋಗುತ್ತದೆ ಎಂದೂ ಹೇಳಿದರು.

ಮನೆಗೆ ಬಂದಾಗ ಅಪ್ಪ ಗೇಟಿನ ಹತ್ತಿರವೇ ನಿಂತಿದ್ದ. ಮುನಿಸು ಹೋಗಿ ಮುಖದಲ್ಲಿ ಆತಂಕ ಮಾತ್ರ ಉಳಿದಿತ್ತು. ಏನಂದರು ಎಂದು ಕೇಳಿದ. ಉಷ್ಣವೇ ಅಂತೆ, ಹನಿ ಕೊಟ್ಟಿದ್ದಾರೆ ಎಂದೆ. ತಾನು ಹೇಳಿದ್ದೇ ಅಲ್ಲವಾ ಎಂದು ಅವನ ಮುಖ ಬಿಚ್ಚಿಕೊಂಡಿತು. ಒಂದೇ ದಿನದಲ್ಲಿ ನಾನು ಹಾಸನದಲ್ಲಿ ಒಂದು ಸುಳ್ಳು, ಹೊಳೆನರಸೀಪುರದಲ್ಲಿ ಒಂದು ಸುಳ್ಳು ಹೇಳಿದ್ದೆ. ಎರಡೂ ಅವನದೇ ವಿಷಯ.

ಹನಿ ಬಿಡುವ ಕೆಲಸವನ್ನು ಅಪ್ಪ ತಾನೇ ವಹಿಸಿಕೊಂಡ. ನಾನು ಸ್ಕೂಲಿನಲ್ಲಿರುವಾಗ ಇನ್ನಾರು ಮಾಡಬೇಕು. ಆರು ಗಂಟೆಗೆ, ಒಂಬತ್ತಕ್ಕೆ, ಮಧ್ಯಾಹ್ನ ಊಟಕ್ಕೆ ಮೊದಲು, ನಾಲ್ಕಕ್ಕೆ, ಮತ್ತೆ ದೀಪ ಹಚ್ಚುವ ಹೊತ್ತಿಗೆ. ಒಂದು ಸಲವೂ ತಪ್ಪಿಸಲಿಲ್ಲ. ಕೂಸು, ಸೀಸೆ ಇಟ್ಟಿದ್ದ ಅವನ ಪೆಟ್ಟಿಗೆಯ ಸದ್ದಾದರೆ ತಾನೇ ಬಂದು ಮಂಡಿಯ ಮೇಲೆ ಗದ್ದವಿಡುತ್ತಿತ್ತು. ಟಿವಿ ಮುಂದೆ ಕೂರುವುದು ನಿಂತಿತು. ಮೂರು ವಾರವಾದ ಮೇಲೆ ಪಿಚ್ಚು ಕಡಿಮೆಯಾಯಿತು, ಕಣ್ಣು ಸ್ವಲ್ಪ ತಿಳಿಯಾಯಿತು. ಸೀಸೆ ಮುಗಿದಾಗಲೆಲ್ಲ ಇನ್ನೆಷ್ಟು ದಿನ ಎಂದು ಕೇಳುತ್ತಿದ್ದ. ಇನ್ನೂ ಸ್ವಲ್ಪ ದಿನ ಎಂದು ನಾನು ಅಂಗಡಿಗೆ ಹೋಗುತ್ತಿದ್ದೆ.

ನಾನು ಹೇಗೋ ಹೀಗೇ ತಳ್ಳಿಬಿಡುತ್ತಿದ್ದೆನೋ ಏನೋ. ಆದರೆ ಒಂದು ಶುಕ್ರವಾರ ಹಿಂದಿ ಟೀಚರು ಸ್ಕೂಲಿಗೆ ಬಂದವರೇ ಫೋನಿನಲ್ಲಿ ಫೋಟೋ ತೋರಿಸಿದರು. ಅವರ ಮನೆಯ ಮರಿ, ಅಂದರೆ ಕೂಸಿನ ತಂಗಿ, ಅದರ ಬಲಗಣ್ಣಿನ ಮೂಲೆಯಲ್ಲಿ ಅದೇ ಕೆಂಪು ಗುಳ್ಳೆ. ಅವರು ಗಾಬರಿಯಾಗಿರಲಿಲ್ಲ. ನಾನೇ ಹೇಳಿದ್ದ ಕತೆ ಅವರಿಗೆ ನೆನಪಿತ್ತು. ಹಿಂದಿನ ದಿನವೇ ಅಪ್ಪನಿಗೆ ಫೋನು ಮಾಡಿ, ಭಾನುವಾರ ಕರೆತರುತ್ತೇನೆ ಎಂದು ಹೇಳಿಯೂ ಆಗಿತ್ತಂತೆ. ಅಪ್ಪ ನನಗೆ ಹೇಳಿರಲಿಲ್ಲ. ಮನೆಗೆ ಹೋಗಿ ನೋಡಿದರೆ ಅವನು ಅಂಗಳದಲ್ಲಿ ಕೂತು ಕತ್ತರಿಗೆ ಸಾಣೆ ಹಿಡಿಯುತ್ತಿದ್ದ. ಪೇಟೆಗೆ ಬಂದ ಮೂರು ವರ್ಷದಲ್ಲಿ ಅವನನ್ನು ಕೆಲಸಕ್ಕೆ ಕರೆದವರು ಅವರೊಬ್ಬರೇ.

ಅವತ್ತೇ ಹೇಳಬೇಕಿತ್ತು. ಅವನು ಕತ್ತರಿಯ ಅಂಚನ್ನು ಹೆಬ್ಬೆರಳಿನಲ್ಲಿ ನೋಡುತ್ತಿದ್ದ ರೀತಿ ನೋಡಿ ನನ್ನ ನಾಲಗೆ ಹೊರಳಲಿಲ್ಲ. ಶನಿವಾರ ಮಧ್ಯಾಹ್ನ ಹಿಂದಿ ಟೀಚರಿಗೆ ಫೋನು ಮಾಡಿದೆ. ಅಪ್ಪನಿಗೆ ವಯಸ್ಸಾಯಿತು, ಈಚೆಗೆ ಕೈ ನಡುಗುತ್ತದೆ, ನೀವು ಹಾಸನಕ್ಕೇ ಕರೆದುಕೊಂಡು ಹೋಗಿ ಎಂದೆ. ಅವನಿಗೆ ನಾಳೆ ನಾನೇ ಹೇಳುತ್ತೇನೆ ಎಂದೂ ಸೇರಿಸಿದೆ. ಮೂರನೇ ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಫೋನಿಟ್ಟ ಮೇಲೆ ನನಗೇ ಹೇಸಿಗೆಯಾಯಿತು. ಮರಿಯ ಕಣ್ಣು ಉಳಿಯಿತಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಭಾನುವಾರ ನಾನು ಏನೂ ಹೇಳಲಿಲ್ಲ. ಅಪ್ಪ ಬೆಳಿಗ್ಗೆಯೇ ಕ್ಷೌರ ಮಾಡಿಕೊಂಡು, ಬಿಳಿ ಷರಟು ಹಾಕಿ, ಜಗಲಿಯ ಕುರ್ಚಿಯ ಪಕ್ಕದಲ್ಲಿ ಪೆಟ್ಟಿಗೆ ಇಟ್ಟುಕೊಂಡು ಕೂತ. ಗ್ಯಾಸಿನ ಮೇಲೆ ನೀರು ಕುದಿಸಿದ, ಆರಿತು, ಮತ್ತೆ ಕುದಿಸಿದ. ಹನ್ನೊಂದಾಯಿತು, ಒಂದಾಯಿತು. ಬಸ್ಸು ಸಿಕ್ಕಿಲ್ಲವೇನೋ ಎಂದ. ನಾನು ಒಳಗೆ ಪರೀಕ್ಷೆಯ ಪೇಪರು ತಿದ್ದುವವಳಂತೆ ಕೂತಿದ್ದೆ. ಒಂದು ಪೇಪರನ್ನೂ ತಿದ್ದಲಿಲ್ಲ. ನಾಲ್ಕು ಗಂಟೆಗೆ ಕೂಸಿಗೆ ಹನಿ ಬಿಟ್ಟು, ಕೊನೆಗೆ ಅವನೇ ಅವರಿಗೆ ಫೋನು ಮಾಡಿದ. ಅವರು ಏನು ಹೇಳಿದರೆಂದು ನನಗೆ ಕೇಳಿಸಲಿಲ್ಲ. ಅಪ್ಪ, ಆಗ್ಲಿ ಮೇಡಮ್ಮೋರೆ, ಆಗ್ಲಿ, ಎಂದಷ್ಟೇ ಹೇಳಿ ಫೋನಿಟ್ಟ.

ಒಳಗೆ ಬಂದು ನನ್ನ ಎದುರಿಗೆ ನಿಂತ. ಎರಡೂ ಕೈಗಳನ್ನು ಮುಂದಕ್ಕೆ ಚಾಚಿ, ಬೆರಳು ಅಗಲಿಸಿ ಹಿಡಿದ. ಎಪ್ಪತ್ತು ದಾಟಿದ ಕೈಗಳು. ಒಂದು ಬೆರಳೂ ಅಲುಗಾಡಲಿಲ್ಲ.

‘ನಡುಗ್ತಾವ ಮಗಾ?’ ಎಂದು ಕೇಳಿದ.

ನಾನು ಅತ್ತೆ. ಅತ್ತುಕೊಂಡೇ ಎಲ್ಲವನ್ನೂ ಹೇಳಿದೆ. ಆ ಗುಳ್ಳೆ ದುರ್ಮಾಂಸವಲ್ಲವಂತೆ, ಕಣ್ಣೀರಿನ ಗ್ರಂಥಿಯಂತೆ, ಕೂಸಿನ ಕಣ್ಣು ಒಣಗಿದ್ದು ಅದಕ್ಕೇ ಅಂತೆ, ಹನಿ ಇನ್ನು ನಿಲ್ಲಿಸುವಂತಿಲ್ಲವಂತೆ. ಅಪ್ಪ ನಂಬಲಿಲ್ಲ. ನಂಬದಿದ್ದರೆ ತಪ್ಪೇನೂ ಇಲ್ಲ, ಅಷ್ಟು ದಿನ ಸುಳ್ಳು ಹೇಳಿದವಳು ನಾನು. ನನ್ನ ಬ್ಯಾಗಿನಲ್ಲಿ ಲ್ಯಾಬಿನ ಫಿಲ್ಟರ್ ಪೇಪರು ಇತ್ತು. ಸಣ್ಣದಾಗಿ ಎರಡು ಪಟ್ಟಿ ಕತ್ತರಿಸಿ ಅವನ ಕೈಗೇ ಕೊಟ್ಟೆ. ಹಾಸನದ ಡಾಕ್ಟರು ಹೇಗೆ ಮಾಡಿದರೆಂದು ಹೇಳಿದೆ. ಬೇಕೆಂದೇ ಹನಿಯ ಹೊತ್ತು ಮೀರುವ ತನಕ ಕಾದೆವು. ಕೂಸು ಎಂದಿನಂತೆ ಬಂದು ಅವನ ಮಂಡಿಯ ಮೇಲೆ ಗದ್ದವಿಟ್ಟಿತು. ಅಪ್ಪ ಎರಡು ಕಣ್ಣಿಗೂ ಪಟ್ಟಿ ಸಿಕ್ಕಿಸಿ, ತುಟಿ ಅಲುಗಾಡಿಸುತ್ತ ಅರವತ್ತು ಎಣಿಸಿದ. ಆಮೇಲೆ ಎರಡನ್ನೂ ತೆಗೆದು ಅಂಗೈ ಮೇಲಿಟ್ಟುಕೊಂಡು ಬಾಗಿಲ ದೀಪದ ಬೆಳಕಿಗೆ ಹೋದ. ಒಂದು ಒದ್ದೆ, ಇನ್ನೊಂದರ ತುದಿ ಮಾತ್ರ ಕೊಂಚ ತೇವ.

‘ಅಂಗಾದ್ರೆ ದನದ್ದು?’ ಎಂದ.

ಮೂವತ್ತು ವರ್ಷದ ಅಷ್ಟೂ ಹಸುಗಳು ಅವನ ಎದುರಿಗೆ ಬಂದು ನಿಂತಿದ್ದವು. ಅವುಗಳದ್ದೂ ತಪ್ಪೇ ಆಗಿತ್ತಾ ಎಂದು ಅವನು ಕೇಳುತ್ತಿದ್ದ. ಹಾಸನದಲ್ಲಿ ಅಪ್ಪನ ವಿಷಯವನ್ನೇ ಎತ್ತದವಳು ಹಸುವಿನ ವಿಷಯ ಎಲ್ಲಿ ಕೇಳಿರುತ್ತೇನೆ. ಗೊತ್ತಿಲ್ಲಪ್ಪಾ ಎಂದೆ. ಅದೂ ನಿಜವೇ. ಅಪ್ಪ ರಾತ್ರಿ ಊಟ ಮಾಡಲಿಲ್ಲ. ಹನಿ ಮಾತ್ರ ಮರೆಯಲಿಲ್ಲ.

ಬೆಳಿಗ್ಗೆ ಎದ್ದವನೇ ಹಿಂದಿ ಟೀಚರಿಗೆ ಫೋನು ಮಾಡಿದ. ಮರಿಯ ಕಣ್ಣನ್ನು ಯಾರ ಕೈಯಿಂದಲೂ ಕುಯ್ಯಿಸಬೇಡಿ, ಒಳಕ್ಕೆ ಸೇರಿಸಿ ಹೊಲಿಯುತ್ತಾರಂತೆ, ನೀವು ಹೋಗುವ ದಿನ ನಾನೂ ಬರುತ್ತೇನೆ ಎಂದ. ಆ ಶನಿವಾರ ನಾವು ಮೂವರೂ ಎರಡು ನಾಯಿಗಳೂ ಹಾಸನಕ್ಕೆ ಹೋದೆವು. ಅಪ್ಪ ಅದೇ ಬಿಳಿ ಷರಟು ಹಾಕಿದ್ದ, ಪೆಟ್ಟಿಗೆ ತಂದಿರಲಿಲ್ಲ. ನಾನು ದಾರಿಯುದ್ದಕ್ಕೂ, ಡಾಕ್ಟರಿಗೆ ಮೊದಲು ನಾನೇ ಹೇಳಬೇಕು ಎಂದುಕೊಂಡು ಮಾತು ಜೋಡಿಸಿಕೊಳ್ಳುತ್ತಿದ್ದೆ. ಒಳಗೆ ಕರೆದಾಗ ನಾನು ಬಾಯಿ ತೆಗೆಯುವುದಕ್ಕೆ ಮೊದಲೇ ಅಪ್ಪ ಮೇಜಿನ ಹತ್ತಿರ ಹೋಗಿ ನಿಂತ. ಮೊದಲೆಲ್ಲ ಡಾಕ್ಟರುಗಳ ಮುಂದೆ ನಿಲ್ಲುತ್ತಿದ್ದ ಹಾಗೆಯೇ, ಕೈ ಮುಂದೆ ಕಟ್ಟಿಕೊಂಡು.

‘ಮೇಡಮ್ಮೋರೆ, ಈ ಕೂಸಿನ ಕಣ್ಣು ಕುಯ್ದೋನು ನಾನೇ,’ ಎಂದ. ‘ದನದ ಆಸ್ಪತ್ರೇಲಿದ್ದೋನು. ದುರ್ಮಾಂಸ ಅನ್ಕಂಡೆ. ಐದಾರು ನಾಯಿದೂ ಇಂಗೇ ಕುಯ್ದಿವ್ನಿ ಆ ಕಾಲ್ದಲ್ಲಿ. ದನದ್ದೂ ತಪ್ಪಾ ಅಂತ ಕೇಳಕ್ಕೆ ಬಂದೆ.’

ಡಾಕ್ಟರು ಎದ್ದು ನಿಂತರು. ಅವನನ್ನು ಕುರ್ಚಿಯಲ್ಲಿ ಕೂರಿಸಿದರು. ಹಸುಗಳದ್ದು ಬೇರೆ, ಅದು ಕ್ಯಾನ್ಸರು, ನೀವು ಮಾಡಿದ್ದು ಸರಿ, ಈಗಲೂ ನಾವು ಹಾಗೆಯೇ ತೆಗೆಯುತ್ತೇವೆ ಎಂದರು. ನಾಯಿಗಳದ್ದನ್ನೂ ಹಿಂದೆ ಓದಿದ ಡಾಕ್ಟರುಗಳೇ ಕತ್ತರಿಸುತ್ತಿದ್ದರು, ಆಮೇಲಲ್ಲವೇ ಗೊತ್ತಾದದ್ದು ಎಂದರು. ಅಪ್ಪ ಹಸುಗಳ ಮಾತಿಗೆ ಕಣ್ಣು ಮುಚ್ಚಿ ತೆರೆದ. ಆದರೆ ಆ ಐದಾರು ನಾಯಿಗಳು ಯಾವ ಯಾವ ಮನೆಯವು ಎಂದು ಅವನಿಗೆ ನೆನಪಿತ್ತು. ಅವಕ್ಕೆ ಹನಿ ಬಿಟ್ಟವರಾರೂ ಇರಲಿಲ್ಲ.

ಆಮೇಲೆ ಡಾಕ್ಟರು, ಮರಿಗೆ ಮಂಪರು ಬರುವ ಇಂಜೆಕ್ಷನ್ ಕೊಡಬೇಕು, ನೀವೇ ಹಿಡಿದುಕೊಳ್ಳಿ, ನಿಮಗೆ ಅಭ್ಯಾಸವಿದೆ ಎಂದರು. ಅಪ್ಪ ಹಿಡಿದುಕೊಂಡ. ಹೊಲಿಗೆ ಹಾಕುವಾಗಲೂ ಪಕ್ಕದಲ್ಲೇ ನಿಂತು ನೋಡಲು ಬಿಟ್ಟರು. ನಾನು ಬಾಗಿಲ ಗಾಜಿನಿಂದ ನೋಡಿದೆ. ಕೆಂಪು ಗುಳ್ಳೆಯ ಸುತ್ತ ಸಣ್ಣದೊಂದು ಚೀಲ ಮಾಡಿ, ಅದರೊಳಕ್ಕೆ ಅದನ್ನು ತಳ್ಳಿ, ಕೂದಲಿಗಿಂತ ತೆಳುವಾದ ದಾರದಲ್ಲಿ ಹೊಲಿದರು. ಅಪ್ಪನ ಬೆರಳುಗಳು ಅವರ ಬೆರಳುಗಳ ಜೊತೆಗೇ ಗಾಳಿಯಲ್ಲಿ ಸಣ್ಣಗೆ ಆಡುತ್ತಿದ್ದವು. ಹೊರಗೆ ಬಂದು, ಇಷ್ಟೇಯಾ, ಎಂದ. ನಮಗೆ ಹೇಳಿದ್ದಲ್ಲ.

ಕೊನೆಗೆ ಡಾಕ್ಟರು ಕೂಸಿನ ಕಣ್ಣು ನೋಡಿ, ಇಷ್ಟು ಚೆನ್ನಾಗಿ ಉಳಿಸಿಕೊಂಡವರನ್ನು ನಾನು ನೋಡಿಲ್ಲ, ದಿನಕ್ಕೆ ಐದು ಸಲ ಯಾರು ಬಿಡುತ್ತಾರೆ ಎಂದರು. ನನ್ನ ಕಡೆ ತಿರುಗಿ, ನಗುತ್ತಲೇ, ಯಾವ ಕೆಟ್ಟ ಮನಸ್ಸೂ ಇಲ್ಲದೆ, ‘ನೀವು ಅವತ್ತು ನಮ್ಮೂರಲ್ಲಿ ಒಬ್ಬರಿದ್ದಾರೆ ಅಂದ್ರಲ್ಲ ಮೇಡಂ, ಇವರೇ ಅಂತ ನನಗೆ ಗೊತ್ತಾಗ್ಲಿಲ್ಲ,’ ಎಂದರು. ನಾನು ನೆಲ ನೋಡಿದೆ. ಅಪ್ಪನೂ ಕೇಳಿಸಿಕೊಂಡ.

ಹಿಂದಿ ಟೀಚರು ತಮ್ಮ ಮರಿಯೊಂದಿಗೆ ಚನ್ನರಾಯಪಟ್ಟಣಕ್ಕೆ ಹೋದರು. ನಾವಿಬ್ಬರು ಆಟೋದಲ್ಲಿ ಹೊಳೆನರಸೀಪುರದ ದಾರಿ ಹಿಡಿದೆವು. ಕೂಸು ಅವನ ಮಡಿಲಲ್ಲಿ ನಿದ್ದೆ ಹೋಗಿತ್ತು. ರಸ್ತೆ ಬದಿಯಲ್ಲಿ ಆಲ್ಗೆಡ್ಡೆ ಚೀಲಗಳನ್ನು ಲಾರಿಗೆ ತುಂಬುತ್ತಿದ್ದರು. ಅರ್ಧ ದಾರಿಯಲ್ಲಿ ಅಪ್ಪ ಮೂರು ಗಂಟೆಗೆ ಗಡಿಯಾರ ನೋಡಿ, ನಾಲ್ಕಕ್ಕೆ ಮನೆ ಸೇರ್ತೀವಾ ಎಂದು ಕೇಳಿದ. ಸೇರುತ್ತೇವೆ ಎಂದೆ. ಆಮೇಲೆ ಕೂಸಿನ ಕಿವಿ ಸವರುತ್ತ, ನನ್ನ ಮುಖ ನೋಡದೆ, ಮೆತ್ತಗೆ ಹೇಳಿದ.

‘ಊರೋರು ಒಬ್ರು ಅಂದ್ಯಾ ಮಗಾ.’

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಜಗಲಿ ಹತ್ತಿಸದವರು, ‘ಬಾರ್ಲಾ’ ಎಂದವರು, ಅವರನ್ನೆಲ್ಲ ಅವನು ತನ್ನ ಕೈಯಿಂದಲೇ ಗೆದ್ದು ಬಂದಿದ್ದ. ಆ ಕೈ ಒಂದು ಸಲ ತಪ್ಪಿದ ದಿನ ಅವನನ್ನು ಹೊರಗೆ ನಿಲ್ಲಿಸಿದವಳು ನಾನು. ತಪ್ಪಾಯ್ತಪ್ಪಾ ಎಂದೆ. ಅವನು ಕೇಳಿಸಿಕೊಂಡನೋ ಇಲ್ಲವೋ, ಆಟೋ ಸದ್ದಿತ್ತು.

ಈಗಲೂ ಎರಡು ತಿಂಗಳಿಗೊಮ್ಮೆ ಕೂಸನ್ನು ಹಾಸನಕ್ಕೆ ಕರೆದುಕೊಂಡು ಹೋಗುತ್ತೇವೆ. ಎಡಗಣ್ಣಿನಲ್ಲಿ ಒಂದು ಮಂಕು ಕಲೆ ಉಳಿದಿದೆ, ಉಳಿದ ಭಾಗದಿಂದ ನೋಡುತ್ತದೆ. ಆ ಐದಾರು ಮನೆಗಳಿಗೆ ಹೋಗಿ ಬರಬೇಕು ಎಂದು ಅಪ್ಪ ಆಗಾಗ ಹೇಳುತ್ತಾನೆ. ಆ ನಾಯಿಗಳು ಯಾವುವೂ ಈಗ ಬದುಕಿರಲಾರವು, ಅದು ಅವನಿಗೂ ಗೊತ್ತು. ಆ ಶನಿವಾರದ ಆಮೇಲೆ ಮೊದಲ ಸಲ ಹೋದಾಗ ಕಾಯುವ ಜಾಗದಲ್ಲಿ ಹೊಸಬರೊಬ್ಬರು ಅಪ್ಪನನ್ನು ತೋರಿಸಿ ಇವರು ಯಾರು ಎಂದು ಕೇಳಿದರು. ನಮ್ಮಪ್ಪ ಎಂದೆ, ಬೇಕಿದ್ದಕ್ಕಿಂತ ಜೋರಾಗಿ. ಅಪ್ಪ ಸೀಸೆಯ ಮುಚ್ಚಳ ತೆಗೆಯುತ್ತಿದ್ದ, ಹನ್ನೆರಡೂವರೆಯ ಹನಿಗೆ ಹೊತ್ತಾಗಿತ್ತು. ತಲೆ ಎತ್ತಿ ನೋಡಲಿಲ್ಲ. ಅದನ್ನು ಹೇಳಬೇಕಾಗಿದ್ದ ದಿನ ಬೇರೆ ಇತ್ತು.